ನಡುವಯಸ್ಸಿನಲ್ಲಿ ದಂತವೈದ್ಯಕೀಯ: ಪೂರ್ಣ ಪದವಿಯೇ, ಪಕ್ಕದ ದಾರಿಯೇ, ಈಗಿರುವ ಕೆಲಸವೇ?

ಮೂವತ್ತೈದೋ ನಲವತ್ತೋ ದಾಟಿದ ಮೇಲೆ ಡೆಂಟಲ್ ಕಾಲೇಜು ಸೇರಬೇಕೆನ್ನುವವರು ಮೊದಲು ಕೇಳುವುದು, "ಈ ವಯಸ್ಸಿಗೆ ಸೀಟು ಕೊಡುತ್ತಾರಾ?" ಎಂದು. ಆ ಪ್ರಶ್ನೆಗೆ ಉತ್ತರ ಸುಲಭ. ಭಾರತದಲ್ಲಿ ನೀಟ್ ಪರೀಕ್ಷೆಗಿದ್ದ ಗರಿಷ್ಠ ವಯೋಮಿತಿಯನ್ನು 2022ರಲ್ಲಿ ತೆಗೆದುಹಾಕಲಾಯಿತು. ಅಮೆರಿಕದ ಡೆಂಟಲ್ ಕಾಲೇಜುಗಳಿಗೆ ಪದವಿ ಮುಗಿಸಿಯೇ ಬರುವುದು ರೂಢಿಯಾದ್ದರಿಂದ ಅಲ್ಲಿ ವಯಸ್ಸಾದ ವಿದ್ಯಾರ್ಥಿ ಹೊಸಬರಲ್ಲ. ಕಷ್ಟದ ಪ್ರಶ್ನೆಗಳು ಬೇರೆ ಇವೆ. ಓದು ಮುಗಿದ ಮೇಲೆ ರೋಗಿಯ ಪಕ್ಕದ ಕುರ್ಚಿಯಲ್ಲಿ ಕೂರಲು ಎಷ್ಟು ವರ್ಷ ಉಳಿಯುತ್ತದೆ? ಆ ವರ್ಷಗಳನ್ನು ನಿಮ್ಮ ಕಣ್ಣು, ಕತ್ತು, ಕೈ ತಡೆದುಕೊಳ್ಳುತ್ತವೆಯೇ? ನಡುವಿನ ಐದಾರು ವರ್ಷ ಮನೆ ನಡೆಸುವವರು ಯಾರು? ಈ ಮೂರಕ್ಕೆ ಉತ್ತರ ಸಿಕ್ಕ ಮೇಲೆ ಜನ್ಮದಿನಾಂಕ ನೋಡಬೇಕಾದ ಅಗತ್ಯವೇ ಬಹುಮಟ್ಟಿಗೆ ಇರುವುದಿಲ್ಲ.

ಇನ್ನೊಂದು ಮಾತನ್ನೂ ಆರಂಭದಲ್ಲೇ ಹೇಳಬೇಕು. ದಂತವೈದ್ಯರಾಗಬೇಕೆಂದು ಹೊರಟವರಲ್ಲಿ ಎಷ್ಟೋ ಮಂದಿಗೆ ನಿಜಕ್ಕೂ ಬೇಕಾಗಿರುವುದು ಆ ವೃತ್ತಿಯ ಒಂದು ತುಂಡು ಮಾತ್ರ. ಒಬ್ಬರಿಗೆ ಕೈಯಲ್ಲಿ ಸೂಕ್ಷ್ಮ ಕೆಲಸ ಮಾಡುವ ಆಸೆ, ಇನ್ನೊಬ್ಬರಿಗೆ ರೋಗಿಗಳ ಒಡನಾಟ, ಮತ್ತೊಬ್ಬರಿಗೆ ಸ್ವಂತ ಕ್ಲಿನಿಕ್ಕಿನ ಸ್ವಾತಂತ್ರ್ಯ. ಆ ತುಂಡಿನವರೆಗೆ ಮಾತ್ರ ಹೋಗುವ ಚಿಕ್ಕ ದಾರಿಗಳೂ ಇವೆ. ಅವುಗಳನ್ನು ನೋಡದೆ ದೊಡ್ಡ ದಾರಿಗೆ ಇಳಿಯಬಾರದು.

ನಿಮ್ಮ ದಿನ ಹೇಗಿರಬೇಕು?

ದಂತವೈದ್ಯರ ದಿನದ ಬಹುಪಾಲು ಹೋಗುವುದು ರೋಗ ಪತ್ತೆ, ಹುಳುಕು ತುಂಬುವುದು, ಬೇರುನಾಳದ ಚಿಕಿತ್ಸೆ, ಹಲ್ಲು ಕೀಳುವುದು, ಕ್ಯಾಪ್ ಮತ್ತು ದಂತಪಂಕ್ತಿ ಕೂರಿಸುವುದು, ಇಷ್ಟರಲ್ಲಿ. ಇದರ ಜೊತೆಗೆ ಕಾನೂನಿನ ಹೊಣೆ, ದಾಖಲೆ, ಸಿಬ್ಬಂದಿ, ಬಿಲ್ಲು ಎಲ್ಲವೂ ಅವರ ಹೆಗಲ ಮೇಲೆ. ಚುಚ್ಚುಮದ್ದಿಗೆ ಹೆದರಿ ಬೆವರುವ ಮನುಷ್ಯನ ಬಾಯಲ್ಲಿ ಒಂದು ಮಿಲಿಮೀಟರಿನ ಕೆಲಸವನ್ನು ನಿಗದಿತ ಸಮಯದೊಳಗೆ ಮುಗಿಸಬೇಕು. ದಿನಕ್ಕೆ ಹತ್ತು ಸಲ, ವರ್ಷಗಟ್ಟಲೆ. ಈ ಪುನರಾವರ್ತನೆಯೇ ಹಿತ ಎನಿಸಿದರೆ ಪದವಿಯ ಕಷ್ಟಕ್ಕೆ ಅರ್ಥವಿದೆ.

ಡೆಂಟಲ್ ಹೈಜೀನಿಸ್ಟ್ ಕೆಲಸದಲ್ಲಿ ರೋಗಿಯ ಒಡನಾಟ ಇನ್ನೂ ಹೆಚ್ಚು. ಹಲ್ಲಿನ ಕಿಟ್ಟ ತೆಗೆಯುವುದು, ಪಾಲಿಷ್, ಫ್ಲೋರೈಡ್ ಲೇಪ, ಮಕ್ಕಳ ದವಡೆಹಲ್ಲಿನ ಬಿರುಕುಗಳಿಗೆ ಹುಳುಕು ತಡೆಯುವ ಸೀಲೆಂಟ್ ಲೇಪ, ವಸಡಿನ ಆರೈಕೆಯ ತಿಳಿವಳಿಕೆ ಇವು ಅದರ ವ್ಯಾಪ್ತಿ. ಕೆಲವು ದೇಶಗಳಲ್ಲಿ ಸ್ಥಳೀಯ ಅರಿವಳಿಕೆ ಕೊಡುವ ಅಧಿಕಾರವೂ ಇದೆ. 1913ರಲ್ಲಿ ಅಮೆರಿಕದ ಬ್ರಿಡ್ಜ್‌ಪೋರ್ಟಿನಲ್ಲಿ ಆಲ್ಫ್ರೆಡ್ ಫೋನ್ಸ್ ಎಂಬ ದಂತವೈದ್ಯ ಮೊದಲ ಶಾಲೆ ತೆರೆದಾಗಿನಿಂದ ಈ ವೃತ್ತಿಯ ತಿರುಳು ರೋಗ ಬಾರದಂತೆ ತಡೆಯುವುದೇ. ತರಬೇತಿ ಸಾಮಾನ್ಯವಾಗಿ ಎರಡರಿಂದ ಮೂರು ವರ್ಷ. ಭಾರತದಲ್ಲಿ ಎರಡು ವರ್ಷದ ಡಿಪ್ಲೊಮಾ.

ಡೆಂಟಲ್ ಥೆರಪಿಸ್ಟ್ ಎಂಬ ವರ್ಗ ಎಲ್ಲ ದೇಶಗಳಲ್ಲಿಲ್ಲ, ಇರುವಲ್ಲಿ ನಡುವಯಸ್ಸಿನವರಿಗೆ ಬಹಳ ಯೋಗ್ಯವಾದ ಆಯ್ಕೆ. ನ್ಯೂಜಿಲೆಂಡ್ 1921ರಲ್ಲಿ ಶಾಲಾ ದಂತ ದಾದಿಯರಿಗೆ ತರಬೇತಿ ಕೊಡಲು ಆರಂಭಿಸಿದ್ದು ಇದರ ಮೂಲ. ಇವರು ಹುಳುಕು ಕೊರೆದು ತುಂಬಬಹುದು, ಹಾಲುಹಲ್ಲು ಕೀಳಬಹುದು, ಮಕ್ಕಳ ಹಲ್ಲಿಗೆ ಸಿದ್ಧ ಕ್ಯಾಪ್ ಹಾಕಬಹುದು. ಬ್ರಿಟನ್ ಮತ್ತು ಆಸ್ಟ್ರೇಲಿಯಾದಲ್ಲಿ ಹೈಜೀನ್ ಮತ್ತು ಥೆರಪಿ ಎರಡೂ ಸೇರಿದ ಮೂರು ವರ್ಷದ ಪದವಿ ಸಿಗುತ್ತದೆ. ಅಮೆರಿಕದಲ್ಲಿ ಮಿನ್ನೆಸೋಟ ರಾಜ್ಯ 2009ರಲ್ಲಿ ಇದಕ್ಕೆ ಕಾನೂನು ಮಾಡಿತು. ಎಲ್ಲ ರಾಜ್ಯಗಳೂ ಒಪ್ಪಿಲ್ಲವಾದ್ದರಿಂದ ಊರು ಬದಲಿಸಿದರೆ ಕೆಲಸವೇ ಕೈತಪ್ಪಬಹುದು ಎಂಬುದು ಇದರ ದೊಡ್ಡ ಅಪಾಯ.

ಕೈಕೆಲಸವಷ್ಟೇ ಬೇಕು, ರೋಗಿಯ ನೋವು ನೋಡುವುದು ಬೇಡ ಎನ್ನುವವರಿಗೆ ಡೆಂಟಲ್ ಟೆಕ್ನಿಷಿಯನ್ ಕೆಲಸ. ಅಚ್ಚು, ಕ್ಯಾಪ್, ಬ್ರಿಡ್ಜ್, ದಂತಪಂಕ್ತಿ ತಯಾರಾಗುವುದು ಇವರ ಲ್ಯಾಬಿನಲ್ಲಿ. ಈಗ ಬಹಳಷ್ಟು ವಿನ್ಯಾಸ ಕಂಪ್ಯೂಟರಿಗೆ ಸರಿದಿದೆ. ಎಂಜಿನಿಯರಿಂಗ್, ಅಕ್ಕಸಾಲಿಕೆ, ತ್ರೀಡಿ ವಿನ್ಯಾಸದ ಹಿನ್ನೆಲೆಯವರಿಗೆ ಇಲ್ಲಿ ಹಳೆಯ ಅನುಭವ ನೇರವಾಗಿ ಒದಗುತ್ತದೆ. ಕೆನಡಾ, ಬ್ರಿಟನ್, ಡೆನ್ಮಾರ್ಕ್, ಫಿನ್‌ಲೆಂಡ್‌ನಂಥ ಕೆಲವು ದೇಶಗಳಲ್ಲಿ ಟೆಕ್ನಿಷಿಯನ್ನರು ಮುಂದಿನ ತರಬೇತಿ ಪಡೆದು ಹಲ್ಲಿಲ್ಲದವರಿಗೆ ದಂತಪಂಕ್ತಿಯನ್ನು ತಾವೇ ನೇರವಾಗಿ ಕೂರಿಸಬಹುದು.

ಸಮುದಾಯದ ಬಾಯಿ ಆರೋಗ್ಯವೇ ಮನಸ್ಸಿನಲ್ಲಿದ್ದರೆ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ ಒಂದೆರಡು ವರ್ಷದ್ದು, ಹಲವೆಡೆ ಕೆಲಸದ ಜೊತೆಗೇ ಮುಗಿಸಬಹುದು.

ವರ್ಷಗಳ ಲೆಕ್ಕ

ದಂತವೈದ್ಯ ಪದವಿಗೆ ಜಗತ್ತಿನಲ್ಲಿ ಮುಖ್ಯವಾಗಿ ಎರಡು ಮಾದರಿಗಳಿವೆ. ಒಂದರಲ್ಲಿ ಶಾಲಾ ಶಿಕ್ಷಣದ ನಂತರ ನೇರವಾಗಿ ಐದು ವರ್ಷ. ಭಾರತದ ಬಿಡಿಎಸ್‌ನಲ್ಲಿ ನಾಲ್ಕು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಯುರೋಪಿಯನ್ ಒಕ್ಕೂಟದ ನಿಯಮ ಕನಿಷ್ಠ ಐದು ವರ್ಷ, 5000 ಗಂಟೆ ತರಬೇತಿ ಎನ್ನುತ್ತದೆ. ಬ್ರಿಟನ್ನಿನಲ್ಲಿ ಐದು ವರ್ಷ. ಈಗಾಗಲೇ ಪದವೀಧರರಾಗಿರುವವರಿಗೆ ಕೆಲವು ಕಾಲೇಜುಗಳಲ್ಲಿ ನಾಲ್ಕು ವರ್ಷದ ದಾರಿಯಿದೆ. ಅಲ್ಲಿನ ಸರ್ಕಾರಿ ಸೇವೆಗೆ ಸೇರಬೇಕೆಂದರೆ ನಂತರ ಒಂದು ವರ್ಷದ ಬುನಾದಿ ತರಬೇತಿ ಬೇರೆ.

ಇನ್ನೊಂದು ಅಮೆರಿಕದ ಮಾದರಿ. ಪದವಿ ಮುಗಿಸಿ ಬಂದವರಿಗೆ ನಾಲ್ಕು ವರ್ಷ. ಅಲ್ಲಿ ಡಿಡಿಎಸ್, ಡಿಎಂಡಿ ಎಂಬ ಎರಡು ಹೆಸರಿದ್ದರೂ ಓದೂ ಅಧಿಕಾರವೂ ಒಂದೇ. ಅವುಗಳಲ್ಲಿ ಯಾವುದು ಮೇಲೆಂದು ಯೋಚಿಸುತ್ತ ಕೂರಬೇಕಿಲ್ಲ. ಕ್ಯಾಲಿಫೋರ್ನಿಯಾದ ಪೆಸಿಫಿಕ್ ವಿಶ್ವವಿದ್ಯಾಲಯ ಅದನ್ನೇ ಮೂರು ವರ್ಷಕ್ಕೆ ಒತ್ತಿ ಕಲಿಸುತ್ತದೆ. ವಯಸ್ಸಾದವರಿಗೆ ಒಂದು ವರ್ಷದ ಉಳಿತಾಯ ದೊಡ್ಡದೆನಿಸುತ್ತದೆ, ಆದರೆ ರಜೆಯಿಲ್ಲದ ವೇಗ ಮನೆಮಕ್ಕಳಿರುವವರಿಗೆ ಭಾರವಾಗುತ್ತದೆ.

ಇಲ್ಲಿ ಎಲ್ಲರೂ ಮರೆಯುವುದು ತಯಾರಿಯ ಕಾಲವನ್ನು. ವಾಣಿಜ್ಯವೋ ಕಲೆಯೋ ಓದಿದವರೂ ಜೀವಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರ ಮೂರನ್ನೂ ಅಧಿಕೃತವಾಗಿ ಪಾಸು ಮಾಡಿರಲೇಬೇಕು. ಅಮೆರಿಕದ ದಾರಿಯಲ್ಲಿ ಜೀವಶಾಸ್ತ್ರ, ಸಾಮಾನ್ಯ ರಸಾಯನ, ಸಾವಯವ ರಸಾಯನ, ಭೌತಶಾಸ್ತ್ರ ಇವುಗಳನ್ನು ಪ್ರಯೋಗಾಲಯ ಸಮೇತ ಸುಮಾರು ಒಂದೊಂದು ವರ್ಷ ಓದಿರಬೇಕಾಗುತ್ತದೆ. ಸಾವಯವ ರಸಾಯನಕ್ಕೆ ಸಾಮಾನ್ಯ ರಸಾಯನ ಮುಗಿದಿರಬೇಕಾದ್ದರಿಂದ ಎಷ್ಟೇ ಒತ್ತಿ ಓದಿದರೂ ಇದು ಒಂದೇ ವರ್ಷಕ್ಕೆ ಮುಗಿಯುವುದು ಅಪರೂಪ. ಹದಿನೈದು ವರ್ಷದ ಹಿಂದೆ ಓದಿದ್ದನ್ನು ಕೆಲವು ಕಾಲೇಜುಗಳು ಒಪ್ಪುವುದಿಲ್ಲ. ಅರ್ಜಿ ಹಾಕುವ ಮೊದಲೇ ಅವರಿಂದ ಬರಹದಲ್ಲಿ ಉತ್ತರ ತರಿಸಿಕೊಳ್ಳಿ. ಪ್ರವೇಶ ಪರೀಕ್ಷೆಗೆ ಆರು ತಿಂಗಳಾದರೂ ಬೇಕು. ನೀಟ್‌ನಲ್ಲಿ 180 ಪ್ರಶ್ನೆ, 720 ಅಂಕ, ತಪ್ಪಿಗೆ ಒಂದು ಅಂಕ ಕಡಿತ. ವಯಸ್ಸಾದವರು ಇಲ್ಲಿ ಸೋಲುವುದು ವಿಷಯ ತಿಳಿಯದೆ ಕಡಿಮೆ, ಪ್ರಶ್ನೆಗೆ ಒಂದು ನಿಮಿಷವೆಂಬ ವೇಗಕ್ಕೆ ಒಗ್ಗದೆ ಹೆಚ್ಚು. ಅಮೆರಿಕದ ಡೆಂಟಲ್ ಪ್ರವೇಶ ಪರೀಕ್ಷೆ ಡ್ಯಾಟ್‌ನಲ್ಲಿ ಆಕಾರ ಗ್ರಹಿಕೆಯದೇ ಒಂದು ಭಾಗವಿದೆ, 60 ನಿಮಿಷಕ್ಕೆ 90 ಪ್ರಶ್ನೆ. ಅದು ಅಭ್ಯಾಸದಿಂದ ಗಮನಾರ್ಹವಾಗಿ ಸುಧಾರಿಸುವ ಭಾಗ.

ಇಷ್ಟು ಸೇರಿಸಿದರೆ, 38ರಲ್ಲಿ ನಿರ್ಧರಿಸಿದವರು 39ಕ್ಕೆ ಸೇರಿ 44ಕ್ಕೆ ಮುಗಿಸುತ್ತಾರೆ, ಎಲ್ಲವೂ ಮೊದಲ ಸಲಕ್ಕೇ ಆದರೆ. ನಂತರ ಬೇರೆಯವರ ಕ್ಲಿನಿಕ್ಕಿನಲ್ಲಿ ಕೈ ಪಳಗಲು ಎರಡು ವರ್ಷ. ಸ್ನಾತಕೋತ್ತರ ವಿಶೇಷಜ್ಞತೆ ಬೇಕೆಂದರೆ ಇನ್ನೂ ಎರಡರಿಂದ ಮೂರು ವರ್ಷ, ಬಾಯಿ-ದವಡೆ ಶಸ್ತ್ರಚಿಕಿತ್ಸೆಗೆ ಅಮೆರಿಕದಲ್ಲಿ ನಾಲ್ಕರಿಂದ ಆರು. ನಲವತ್ತರ ನಂತರ ಸೇರುವವರು ವಿಶೇಷಜ್ಞತೆಯ ಆಸೆಯನ್ನು ಲೆಕ್ಕದಿಂದ ಹೊರಗಿಟ್ಟೇ ನಿರ್ಧರಿಸಬೇಕು ಎಂಬುದು ನಮ್ಮ ಖಚಿತ ಅಭಿಪ್ರಾಯ. ಸಾಮಾನ್ಯ ದಂತವೈದ್ಯರಾಗಿ ಉಳಿದರೂ ತೃಪ್ತಿಯಿದೆ ಎನಿಸಿದರೆ ಮಾತ್ರ ಮುಂದಿನ ಹೆಜ್ಜೆ.

ಯಾವ ದೇಶದಲ್ಲಿ ಓದುತ್ತೀರಿ ಎಂಬುದಕ್ಕಿಂತ ಎಲ್ಲಿ ಕೆಲಸ ಮಾಡುತ್ತೀರಿ ಎಂಬುದನ್ನು ಮೊದಲು ತೀರ್ಮಾನಿಸಿ. ಸೀಟು ಸುಲಭವೆಂದು ಒಂದು ದೇಶದಲ್ಲಿ ಓದಿ ಇನ್ನೊಂದಕ್ಕೆ ಹೋದರೆ ಅಮೆರಿಕದಲ್ಲಿ ಸಾಮಾನ್ಯವಾಗಿ ಮತ್ತೆ ಎರಡು-ಮೂರು ವರ್ಷ ಕಾಲೇಜು, ಬ್ರಿಟನ್ ಹಾಗೂ ಆಸ್ಟ್ರೇಲಿಯಾದಲ್ಲಿ ಪ್ರತ್ಯೇಕ ಅರ್ಹತಾ ಪರೀಕ್ಷೆ ಎದುರಾಗುತ್ತದೆ. ಇಪ್ಪತ್ತೈದರವರಿಗೆ ಅದು ತಡ ಅಷ್ಟೇ. ನಲವತ್ತೈದರವರ ಉಳಿದ ವರ್ಷಗಳಲ್ಲಿ ಅದೊಂದು ದೊಡ್ಡ ಭಾಗವನ್ನೇ ನುಂಗಿಬಿಡುತ್ತದೆ.

ಹಣದ ಲೆಕ್ಕ ಹಾಕುವ ಕ್ರಮ

ಹೆಚ್ಚಿನವರು ಫೀಜನ್ನು ಮಾತ್ರ ಖರ್ಚೆಂದು ಬರೆಯುತ್ತಾರೆ. ಅದಕ್ಕಿಂತ ದೊಡ್ಡದು ಕಳೆದುಕೊಳ್ಳುವ ಸಂಬಳ. ನಿಮ್ಮ ಈಗಿನ ವರ್ಷದ ನಿವ್ವಳ ಆದಾಯವನ್ನು ಒಂದು ಪಾಲು ಎಂದಿಟ್ಟುಕೊಳ್ಳಿ. ಉದಾಹರಣೆಗೆ, ತಯಾರಿಯ ವರ್ಷದಲ್ಲಿ ಅರ್ಧ ಪಾಲು ಹೋಯಿತು. ಐದು ವರ್ಷದ ಓದಿಗೆ ಐದು ಪಾಲು. ಒಟ್ಟು ಫೀಜು ಮೂರು ಪಾಲು ಎನ್ನೋಣ, ಪುಸ್ತಕ-ಉಪಕರಣ-ಪರೀಕ್ಷೆಗೆ 0.3, ಸಾಲದ ಬಡ್ಡಿಗೆ ಒಂದು. ಅಲ್ಲಿಗೆ 9.8 ಆಯಿತು. ಪದವಿಯ ನಂತರದ ಮೊದಲ ಎರಡು ವರ್ಷ ಹಳೆಯ ಸಂಬಳಕ್ಕಿಂತ ಕಡಿಮೆ, 0.8ರಂತೆ ಬಂದರೆ ಇನ್ನೂ 0.4 ನಷ್ಟ. ಒಟ್ಟು 10.2 ಪಾಲು.

ಆಮೇಲೆ ದಂತವೈದ್ಯರಾಗಿ ವರ್ಷಕ್ಕೆ 1.6 ಪಾಲು ದುಡಿದರೆ, ಹಳೆಯ ಕೆಲಸಕ್ಕಿಂತ ಹೆಚ್ಚು ಬಂದದ್ದು 0.6. ಹತ್ತೂ ಚಿಲ್ಲರೆ ಪಾಲು ವಾಪಸಾಗಲು 17 ವರ್ಷ. 38ರಲ್ಲಿ ಹೊರಟವರಿಗೆ ಅದು 63ನೇ ವಯಸ್ಸು. ಎರಡು ಪಾಲು ದುಡಿಯುವಂತಾದರೆ 56ಕ್ಕೇ ಸರಿದೂಗುತ್ತದೆ. 1.3 ಪಾಲಷ್ಟೇ ಆದರೆ ದುಡಿಯಬಹುದಾದ ಕಾಲದಲ್ಲಿ ಸರಿದೂಗುವ ಮಾತಿಲ್ಲ. ಅದೇ ಮನುಷ್ಯ 30ಕ್ಕೆ ಹೊರಟಿದ್ದರೆ 1.6ರ ದರದಲ್ಲೇ 55ಕ್ಕೆ ಮುಗಿದು, ಮುಂದಿನದೆಲ್ಲ ಲಾಭ. ಹಳೆಯ ಕೆಲಸದ ಬಡ್ತಿ, ಪಿಂಚಣಿ, ಗ್ರಾಚ್ಯುಟಿ ಇವನ್ನು ಇಲ್ಲಿ ಸೇರಿಸಿಲ್ಲ, ಸೇರಿಸಿದರೆ ಚಿತ್ರ ಇನ್ನಷ್ಟು ಬಿಗಿಯಾಗುತ್ತದೆ.

ಅಂಕಿಗಳು ನಿಮ್ಮವಾಗಿರಲಿ, ಕ್ರಮ ಇದೇ ಇರಲಿ. ಎರಡು ತಪ್ಪುಗಳು ಪದೇಪದೇ ಆಗುತ್ತವೆ. ಸ್ವಂತ ಕ್ಲಿನಿಕ್ ಇರುವವರ ಆದಾಯವನ್ನು ಮುಂದಿಟ್ಟುಕೊಂಡು, ಆ ಕ್ಲಿನಿಕ್ಕಿನ ಕುರ್ಚಿ, ಕಂಪ್ರೆಸರ್, ಉಪಕರಣಗಳ ಕ್ರಿಮಿನಾಶಕ್ಕೆ ಬೇಕಾದ ಆಟೋಕ್ಲೇವ್, ಎಕ್ಸ್‌ರೇ ಯಂತ್ರಗಳ ಬಂಡವಾಳವನ್ನು ಬಿಟ್ಟುಬಿಡುವುದು ಒಂದು. ಹೊಸ ಕ್ಲಿನಿಕ್ ತನ್ನ ಖರ್ಚು ತಾನೇ ತೂಗಿಸಲು ಸಾಮಾನ್ಯವಾಗಿ ವರ್ಷಗಳೇ ಹಿಡಿಯುತ್ತವೆ. ಸಾಲದ ಅವಧಿ ನಿವೃತ್ತಿಯ ವಯಸ್ಸನ್ನು ದಾಟುತ್ತದೆಯೇ ಎಂದು ನೋಡದಿರುವುದು ಇನ್ನೊಂದು. ಓದುವಾಗಲೇ ಬಡ್ಡಿ ಅಸಲಿಗೆ ಸೇರುವ ಸಾಲವಾದರೆ 44ಕ್ಕೆ ನೀವು ಕಟ್ಟಲು ಕೂರುವ ಮೊತ್ತ ಪಡೆದ ಮೊತ್ತಕ್ಕಿಂತ ಸಾಕಷ್ಟು ದೊಡ್ಡದಿರುತ್ತದೆ.

ಚಿಕ್ಕ ಕೋರ್ಸುಗಳನ್ನೂ ಇದೇ ತಕ್ಕಡಿಯಲ್ಲಿಡಿ. ಎರಡು ವರ್ಷದ ಹೈಜೀನಿಸ್ಟ್ ತರಬೇತಿಗೆ ಸಂಬಳದ ಎರಡು ಪಾಲು, ಫೀಜು ಅರ್ಧ ಪಾಲು, ಒಟ್ಟು ಎರಡೂವರೆ. ಆದರೆ ನಂತರದ ಸಂಬಳ 0.9 ಪಾಲಾದರೆ ಆ ನಷ್ಟ ಎಂದೂ ತುಂಬುವುದಿಲ್ಲ, ಪ್ರತಿ ವರ್ಷ ಸ್ವಲ್ಪ ಬೆಳೆಯುತ್ತದೆ. ಅಗ್ಗದ ದಾರಿ ಲಾಭದ ದಾರಿ ಎಂದೇನಿಲ್ಲ. ಅದರ ನಿಜವಾದ ಹೆಗ್ಗಳಿಕೆ ಬೇರೆ: ತಪ್ಪಾದರೆ ಕಳೆದುಕೊಳ್ಳುವುದು ಎರಡೂವರೆ ಪಾಲು, ಹತ್ತು ಪಾಲಲ್ಲ. ಈಗಿನ ಆದಾಯ ಚೆನ್ನಾಗಿದ್ದಷ್ಟೂ ಪೂರ್ಣ ಪದವಿ ದುಬಾರಿಯಾಗುತ್ತದೆ ಎಂಬುದನ್ನೂ ಗಮನಿಸಿ. ಹಿರಿಯ ಸಾಫ್ಟ್‌ವೇರ್ ಎಂಜಿನಿಯರಿಗೆ ಇದು ಹಣದ ದೃಷ್ಟಿಯಿಂದ ಬಹುತೇಕ ಸೋಲುವ ಆಟ. ಸಂಬಳ ಏರದೆ ನಿಂತುಹೋದ ಲ್ಯಾಬ್ ಉದ್ಯೋಗಿಗೆ ಹಾಗಿರಲಿಕ್ಕಿಲ್ಲ.

ಕಣ್ಣು, ಕತ್ತು, ಕೈ

ಪುಸ್ತಕದ ಓದಿನ ಬಗ್ಗೆ ಎಲ್ಲರೂ ಚಿಂತಿಸುತ್ತಾರೆ, ದೇಹದ ಬಗ್ಗೆ ಬಹಳ ಕಡಿಮೆ ಮಂದಿ. ನಡುವಯಸ್ಸಿನವರ ಮಟ್ಟಿಗೆ ನಿರ್ಣಾಯಕವಾದದ್ದು ದೇಹ.

ದಂತವೈದ್ಯರ ಕಣ್ಣಿಗೂ ರೋಗಿಯ ಹಲ್ಲಿಗೂ ನಡುವಿನ ದೂರ ಸುಮಾರು 35ರಿಂದ 45 ಸೆಂಟಿಮೀಟರ್. ನಲವತ್ತರ ಆಸುಪಾಸಿನಲ್ಲಿ ಚಾಳೀಸು ಬಂದಾಗ ಮೊದಲು ಮಸುಕಾಗುವುದು ಈ ದೂರವೇ. ಅಂದರೆ ನೀವು ಫ್ಯಾಂಟಮ್ ಹೆಡ್ (ಅಭ್ಯಾಸಕ್ಕಿರುವ ಬೊಂಬೆ ತಲೆ) ಮುಂದೆ ಕೈ ತಿದ್ದಿಕೊಳ್ಳುವ ವರ್ಷಗಳೂ ಕಣ್ಣಿನ ನಂಬರು ಬದಲಾಗುತ್ತ ಹೋಗುವ ವರ್ಷಗಳೂ ಒಂದೇ. ಕಣ್ಣು ಕಾಣದಿದ್ದಾಗ ಮನುಷ್ಯ ಮಾಡುವುದು ಬಗ್ಗುವುದು, ಕತ್ತುನೋವಿನ ಬೇರು ಎಷ್ಟೋ ಸಲ ಕಣ್ಣಿನಲ್ಲಿರುತ್ತದೆ. ಹಲವು ನಂಬರಿನ ಪ್ರೋಗ್ರೆಸಿವ್ ಕನ್ನಡಕ ಇಲ್ಲಿ ಕೈಕೊಡುತ್ತದೆ, ಏಕೆಂದರೆ ಅದರ ಹತ್ತಿರದ ನೋಟದ ಪಟ್ಟಿ ಕೆಳಗಿದ್ದು, ಅದರ ಮೂಲಕ ನೋಡಲು ಗದ್ದವೆತ್ತಿ ಕತ್ತು ತಿರುಚಬೇಕಾಗುತ್ತದೆ.

ಪರಿಹಾರ ಲೂಪ್ಸ್, ಅಂದರೆ ಕನ್ನಡಕಕ್ಕೆ ಕೂರಿಸಿದ ಹಿಗ್ಗಿಸುವ ಮಸೂರಗಳು. ಕಲಿಯುವವರಿಗೆ 2.5 ಪಟ್ಟು ಹಿಗ್ಗಿಸುವುದು ಸಾಕು. ಪಟ್ಟು ಹೆಚ್ಚಿದಷ್ಟೂ ಕಾಣುವ ಜಾಗ ಕಿರಿದಾಗುತ್ತದೆ, ತೂಕವೂ ಏರುತ್ತದೆ. ಅಳತೆ ಕೊಡುವಾಗ ಬೆನ್ನು ನೇರವಾಗಿಟ್ಟು, ನಿಜವಾಗಿ ಕೆಲಸ ಮಾಡುವ ಭಂಗಿಯಲ್ಲೇ ಕೂರಬೇಕು. ಬಗ್ಗಿ ಕೂತು ಅಳತೆ ಕೊಟ್ಟರೆ ಆ ಬಗ್ಗುವಿಕೆಯನ್ನೇ ಲೂಪ್ಸ್ ಕಾಯಂ ಮಾಡುತ್ತದೆ. ನೋಟ ಕೆಳಕ್ಕಿಳಿಯುವ ಕೋನ ಕಡಿದಾಗಿರಲಿ, ತಲೆ 20 ಡಿಗ್ರಿಗಿಂತ ಹೆಚ್ಚು ಬಾಗಬಾರದು. ಹತ್ತಿರದ ನಂಬರನ್ನು ಲೂಪ್ಸಿನ ಒಳಮಸೂರದಲ್ಲೇ ಹಾಕಿಸಿ. ನಲವತ್ತರಿಂದ ಐವತ್ತರ ನಡುವೆ ಅದನ್ನು ಮತ್ತೆ ಮತ್ತೆ ಬದಲಿಸಬೇಕಾಗುತ್ತದೆ ಎಂದು ಬಜೆಟ್ಟಿನಲ್ಲೇ ಬರೆದಿಡಿ.

ಕತ್ತು, ಭುಜ, ಸೊಂಟದ ನೋವು ಈ ವೃತ್ತಿಯಲ್ಲಿ ಅತಿ ಸಾಮಾನ್ಯ. ತೋಳುಗಳನ್ನು ಮುಂದಕ್ಕೆ ಚಾಚಿ, ತಲೆ ಬಾಗಿಸಿ, ಕದಲದೆ ಕೂರುವುದು ಕಾರಣ. ಸ್ನಾಯು ಸಂಕುಚಿತವಾಗಿಯೇ ಉಳಿದಾಗ ಅದರೊಳಗಿನ ರಕ್ತಸಂಚಾರ ಕುಗ್ಗುತ್ತದೆ. ಮೊದಲೇ ಕತ್ತಿನ ಡಿಸ್ಕ್ ಸಮಸ್ಯೆ, ಕಾರ್ಪಲ್ ಟನಲ್ (ಮಣಿಕಟ್ಟಿನಲ್ಲಿ ನರ ಒತ್ತಿಕೊಳ್ಳುವ ತೊಂದರೆ), ಕೈ ನಡುಕ, ಹೆಬ್ಬೆರಳಿನ ಬುಡದ ಸಂಧಿವಾತ ಇದ್ದವರು ಕೀಲು-ಮೂಳೆ ವೈದ್ಯರಲ್ಲಿ ಈ ಕೆಲಸದ ವಿವರ ಕೊಟ್ಟು ತಪಾಸಣೆ ಮಾಡಿಸಿಕೊಳ್ಳದೆ ಫೀಜು ಕಟ್ಟಬಾರದು. ಹೈಜೀನಿಸ್ಟ್ ಕೆಲಸ ಹಗುರವೆಂದು ಭಾವಿಸಿ ಅತ್ತ ಹೊರಳುವುದೂ ತಪ್ಪು. ಕಿಟ್ಟ ಕೆರೆಯುವ ಉಪಕರಣವನ್ನು ಚಿವುಟಿ ಹಿಡಿದು ದಿನವಿಡೀ ಒತ್ತುವುದರಿಂದ ಮಣಿಕಟ್ಟಿಗೆ ಬೀಳುವ ಹೊರೆ ಅಲ್ಲಿ ದಂತವೈದ್ಯರಿಗಿಂತ ಕಡಿಮೆಯೇನಿಲ್ಲ. ಕೈ ಚುರುಕಾಗಿದ್ದು ದೇಹ ದುರ್ಬಲವಾಗಿರುವವರಿಗೆ ಕಂಪ್ಯೂಟರ್ ವಿನ್ಯಾಸದ ಲ್ಯಾಬ್ ಕೆಲಸ ಇವೆಲ್ಲಕ್ಕಿಂತ ಸಹನೀಯ.

ಕೈಚಳಕದ ಬಗ್ಗೆ ವಯಸ್ಸಿಗಿಂತ ಅಭ್ಯಾಸ ದೊಡ್ಡದು. ನೀವೇ ಪರೀಕ್ಷಿಸಿಕೊಳ್ಳಿ. ಒಂದು ಸೋಪಿನ ಬಿಲ್ಲೆ, ಸಣ್ಣ ಚಾಕು, ಮಿಲಿಮೀಟರ್ ಪಟ್ಟಿ ತೆಗೆದುಕೊಳ್ಳಿ. ಕೆನಡಾದ ಪ್ರವೇಶ ಪರೀಕ್ಷೆಯಲ್ಲಿ ಹಿಂದೆ ಸೋಪು ಕೆತ್ತನೆಯೇ ಒಂದು ಭಾಗವಾಗಿತ್ತು. 15 ಮಿಲಿಮೀಟರ್ ವ್ಯಾಸದ ಸಿಲಿಂಡರ್, ಅದರ ತುದಿಯಲ್ಲಿ ಚೂಪು ಅಂಚಿನ ತ್ರಿಕೋನ, ಅರ್ಧ ಗಂಟೆಯಲ್ಲಿ. ಅಳತೆಯಲ್ಲಿ ಅರ್ಧ ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬರಬಾರದು. ಇನ್ನೊಂದು ದಿನ ಕಾಗದದ ಮೇಲೆ 5 ಮಿಲಿಮೀಟರ್ ಚೌಕಗಳನ್ನು ಬರೆದು, ಅವನ್ನು ಕನ್ನಡಿಯಲ್ಲಿ ಮಾತ್ರ ನೋಡುತ್ತ ತಿದ್ದಿ. ಮೇಲ್ದವಡೆಯ ಬಹಳಷ್ಟು ಕೆಲಸ ಕನ್ನಡಿಯಲ್ಲೇ ನಡೆಯುವುದು. ಮೊದಲ ದಿನದ ಫಲ ಎಷ್ಟು ಕೆಟ್ಟದಿದ್ದರೂ ಪರವಾಗಿಲ್ಲ. ಮೂರು ವಾರ ಮಾಡಿ, ಸುಧಾರಣೆ ಕಾಣುತ್ತಿದೆಯೇ, ಮಾಡುವಾಗ ಬೇಸರವಾಗುತ್ತಿದೆಯೇ ಎಂಬೆರಡನ್ನು ಗಮನಿಸಿ. ಬೇಸರ ಬಂದರೆ ಅದನ್ನು ಗಂಭೀರವಾಗಿ ತೆಗೆದುಕೊಳ್ಳಿ.

ಕಾಲೇಜಿನೊಳಗೆ ಎಡವುವ ಜಾಗಗಳು

ಮೊದಲ ವರ್ಷ ನೆನಪಿನ ಪರೀಕ್ಷೆ: ಅಂಗರಚನೆ, ಶರೀರಕ್ರಿಯೆ, ಜೀವರಸಾಯನ, ಹಲ್ಲಿನ ರಚನೆ. ಶಾಶ್ವತ ಹಲ್ಲು 32, ಹಾಲುಹಲ್ಲು 20, ಪ್ರತಿಯೊಂದರ ದಿಬ್ಬ-ತಗ್ಗುಗಳನ್ನು ಕಂಠಪಾಠ ಮಾಡುವುದಷ್ಟೇ ಅಲ್ಲ, ಮೇಣದಲ್ಲಿ ಕೆತ್ತಿ ತೋರಿಸಬೇಕು. ವಯಸ್ಸಾದ ವಿದ್ಯಾರ್ಥಿಗಳು ಅರ್ಥ ಮಾಡಿಕೊಂಡು ಓದುವುದರಲ್ಲಿ ಮುಂದು, ಬಿಡಿ ಹೆಸರುಗಳನ್ನು ನೆನಪಿಡುವುದರಲ್ಲಿ ನಿಧಾನ. ಪರೀಕ್ಷೆಯ ಹಿಂದಿನ ವಾರ ಕೂತು ಓದುವ ಕಾಲೇಜು ದಿನಗಳ ರೂಢಿ ಇಲ್ಲಿ ನಡೆಯುವುದಿಲ್ಲ. ಮಿದುಳಿನಿಂದ ಮುಖಕ್ಕೆ ಬರುವ ಐದನೇ ನರದ ಕವಲುಗಳನ್ನು ದಿನವೂ ಕಾಲು ಗಂಟೆ, ಪುಸ್ತಕ ಮುಚ್ಚಿ, ಬರೆದು ನೋಡುವುದೇ ದಾರಿ. ಹಳೆಯ ಪದವಿಯ ವಿಷಯಗಳಿಗೆ ವಿನಾಯಿತಿ ಸಾಮಾನ್ಯವಾಗಿ ಸಿಗುವುದಿಲ್ಲ, ಫಾರ್ಮಸಿಯೋ ನರ್ಸಿಂಗೋ ಮಾಡಿದ್ದರೂ ಮೊದಲಿನಿಂದಲೇ ಓದಬೇಕು.

ಎರಡನೆಯ ಘಟ್ಟ ಪ್ರಯೋಗಾಲಯದ ಕೈಕೆಲಸ. ನಿಮಿಷಕ್ಕೆ ಮೂರು-ನಾಲ್ಕು ಲಕ್ಷ ಸುತ್ತು ತಿರುಗುವ ಡ್ರಿಲ್ಲಿನಲ್ಲಿ ಕ್ಯಾಪ್‌ಗಾಗಿ ಹಲ್ಲು ಸವೆಸುವಾಗ ಕಚ್ಚುವ ಮೇಲ್ಮೈಯಲ್ಲಿ ಒಂದೂವರೆಯಿಂದ ಎರಡು ಮಿಲಿಮೀಟರ್, ಅಂಚಿನಲ್ಲಿ ಸುಮಾರು ಒಂದು. ಎದುರುಬದುರು ಗೋಡೆಗಳು ಒಂದಕ್ಕೊಂದು 10ರಿಂದ 20 ಡಿಗ್ರಿಯಷ್ಟೇ ಓರೆಯಾಗಿರಬೇಕು. ಹೊಸಬರ ಓರೆ ಇದಕ್ಕಿಂತ ಬಹಳ ಹೆಚ್ಚಾಗುತ್ತದೆ, ಪಕ್ಕದ ಹಲ್ಲಿಗೂ ಗೀರು ಬೀಳುತ್ತದೆ. ಬೆರಳಿಗೆ ಬೇರೊಂದು ಹಲ್ಲಿನ ಮೇಲೆ ಆಸರೆ ಕೊಡದೆ ಗಾಳಿಯಲ್ಲಿ ಡ್ರಿಲ್ ಹಿಡಿಯುವುದು ಅರ್ಧ ಕಾರಣ, ನಿಲ್ಲಿಸಿ ಅಳೆಯದಿರುವುದು ಉಳಿದರ್ಧ. ಬೇರೆ ವೃತ್ತಿಯಲ್ಲಿ ಹೆಸರು ಮಾಡಿದವರಿಗೆ ಇಲ್ಲಿನ ಕಷ್ಟ ಮನಸ್ಸಿನದು. ತಮಗಿಂತ ಹದಿನೈದು ವರ್ಷ ಚಿಕ್ಕವರ ಎದುರು ಐದು ಸಲ ತಿರಸ್ಕೃತವಾದ ಕೆಲಸವನ್ನು ಆರನೇ ಸಲ ಮಾಡಬೇಕು. ಅದಕ್ಕೆ ಸಿದ್ಧರಿರುವವರು ಬೇಗ ಮೇಲೆ ಬರುತ್ತಾರೆ.

ಮೂರನೆಯದು ಕ್ಲಿನಿಕಲ್ ಕೋಟಾ. ವರ್ಷಗಳು ಹೆಚ್ಚಾಗಿ ಜಾರಿಹೋಗುವುದು ಇಲ್ಲಿ. ಇಂತಿಷ್ಟು ಹಲ್ಲು ತುಂಬಿರಬೇಕು, ಇಂತಿಷ್ಟು ಕಿತ್ತಿರಬೇಕು, ಪೂರ್ಣ ದಂತಪಂಕ್ತಿ ಕೊಟ್ಟಿರಬೇಕು ಎಂದು ನಿಯಮವಿರುತ್ತದೆ. ಒಂದು ಪೂರ್ಣ ದಂತಪಂಕ್ತಿಗೆ ರೋಗಿ ಕನಿಷ್ಠ ಐದಾರು ಸಲ ಬರಬೇಕು: ಮೊದಲ ಅಚ್ಚು, ಅಂತಿಮ ಅಚ್ಚು, ದವಡೆ ಸಂಬಂಧದ ಅಳತೆ, ಮೇಣದಲ್ಲಿ ಜೋಡಿಸಿ ನೋಡುವುದು, ಕೂರಿಸುವುದು, ಮರುತಪಾಸಣೆ. ನಾಲ್ಕನೇ ಭೇಟಿಗೆ ರೋಗಿ ಬರುವುದು ನಿಲ್ಲಿಸಿದರೆ ಅಷ್ಟೂ ಕೆಲಸ ಲೆಕ್ಕಕ್ಕಿಲ್ಲ. ಆದ್ದರಿಂದ ಪ್ರತಿ ಬಗೆಯ ಕೋಟಾಗೂ ಒಬ್ಬ ಹೆಚ್ಚುವರಿ ರೋಗಿಯನ್ನು ಸಮಾನಾಂತರವಾಗಿ ಇಟ್ಟುಕೊಳ್ಳಬೇಕು, ಹಿಂದಿನ ಸಂಜೆ ತಾವೇ ಕರೆ ಮಾಡಬೇಕು. ಸಂತೋಷದ ಸಂಗತಿಯೆಂದರೆ ನಡುವಯಸ್ಸಿನವರು ಗೆಲ್ಲುವುದೂ ಇಲ್ಲೇ. ರೋಗಿಗಳು ಅವರನ್ನು ನಂಬುತ್ತಾರೆ, ಹೇಳಿದ ದಿನ ಬರುತ್ತಾರೆ.

ಓದುತ್ತ ಕೆಲಸವನ್ನೂ ಮಾಡುತ್ತೇನೆ ಎಂಬ ಯೋಜನೆಯನ್ನು ಮಾತ್ರ ಕೈಬಿಡಿ. ಹಾಜರಾತಿ ಕಡ್ಡಾಯ, ಕ್ಲಿನಿಕ್ ಹಗಲಿನಲ್ಲೇ ನಡೆಯುತ್ತದೆ. ವಾರಾಂತ್ಯದ ನಾಲ್ಕಾರು ಗಂಟೆ ಕೆಲಸಕ್ಕಿಂತ ಹೆಚ್ಚಿನದನ್ನು ನೆಚ್ಚಿಕೊಂಡು ಹಣದ ಲೆಕ್ಕ ಹಾಕಿದವರು ಎರಡನೇ ವರ್ಷದಲ್ಲಿ ಸಿಕ್ಕಿಬೀಳುತ್ತಾರೆ.

ಯಾರಿಗೆ ಯಾವುದು

ಮೂವತ್ತೈದರೊಳಗಿದ್ದು, ವಿಜ್ಞಾನದ ಹಿನ್ನೆಲೆಯಿದ್ದು, ಮನೆಯಲ್ಲಿ ಇನ್ನೊಂದು ಸಂಬಳವಿದ್ದರೆ ಪೂರ್ಣ ಪದವಿ ಸಮಂಜಸವಾದ ಆಯ್ಕೆ. ಮೂವತ್ತೈದರಿಂದ ನಲವತ್ತೆರಡರ ನಡುವೆ ಉತ್ತರ ಪೂರ್ತಿಯಾಗಿ ಮೇಲಿನ ಹಣದ ಲೆಕ್ಕ ಮತ್ತು ದೇಹದ ತಪಾಸಣೆಯನ್ನು ಅವಲಂಬಿಸುತ್ತದೆ. ನಲವತ್ತೈದರ ನಂತರ, ಸಾಲ ಮಾಡಿ ಸೇರುವುದನ್ನು ನಾವು ಒಪ್ಪುವುದಿಲ್ಲ. ಸಾಲವಿಲ್ಲದೆ, ಹಣದ ವಾಪಸಾತಿಯ ನಿರೀಕ್ಷೆಯಿಲ್ಲದೆ, ಕೆಲಸದ ಪ್ರೀತಿಗೇ ಸೇರುವವರಿಗೆ ಅಡ್ಡಿಯಿಲ್ಲ. ಅಂಥವರು ಹದಿನೈದು ವರ್ಷ ಒಳ್ಳೆಯ ಸೇವೆ ಸಲ್ಲಿಸಬಹುದು. ಕ್ಲಿನಿಕ್ಕಿನ ಒಡೆತನ ಮಾತ್ರ ಬೇಕೆನ್ನುವವರು ಕ್ಲಿನಿಕ್ ನಿರ್ವಹಣೆಯ ಕೆಲಸ ನೋಡಲಿ. ಥೆರಪಿಸ್ಟ್ ವೃತ್ತಿಗೆ ಮಾನ್ಯತೆಯಿರುವ ದೇಶದಲ್ಲಿದ್ದು ಮಕ್ಕಳ ಹಲ್ಲಿನ ಆರೈಕೆಯಲ್ಲಿ ಆಸಕ್ತಿಯಿರುವ ನಲವತ್ತರವರಿಗೆ, ಪೂರ್ಣ ಪದವಿಗಿಂತ ಆ ಮೂರು ವರ್ಷದ ಕೋರ್ಸೇ ಮೇಲು ಎಂದು ನಮಗನ್ನಿಸುತ್ತದೆ.

ಸೇರುವ ಮೊದಲಿನ ಹದಿನೆಂಟು ತಿಂಗಳು

ಕೆಲಸ ಬಿಡದೆಯೇ ಆರಂಭಿಸಿ. ಮೊದಲ ಎರಡು ತಿಂಗಳು ಎರಡು-ಮೂರು ಬಗೆಯ ಕ್ಲಿನಿಕ್‌ಗಳಲ್ಲಿ ಅನುಮತಿ ಪಡೆದು ಪಕ್ಕದಲ್ಲಿ ನಿಂತು ನೋಡಿ, ಒಟ್ಟು ನಲವತ್ತು ಗಂಟೆಯಾದರೂ. ಒಬ್ಬ ಸಾಮಾನ್ಯ ದಂತವೈದ್ಯ, ಒಂದು ಸರ್ಕಾರಿ ಅಥವಾ ಕಾಲೇಜು ಆಸ್ಪತ್ರೆ, ಒಂದು ಲ್ಯಾಬ್ ಇರಲಿ. ಅಪರೂಪದ ಶಸ್ತ್ರಚಿಕಿತ್ಸೆ ನೋಡಲು ಹೋಗಬೇಡಿ, ಸೋಮವಾರದ ಸಾಮಾನ್ಯ ಮಧ್ಯಾಹ್ನವನ್ನು ನೋಡಿ. ಇತ್ತೀಚೆಗೆ ಪದವಿ ಪಡೆದ ಇಬ್ಬರನ್ನಾದರೂ ಅವರ ಮೊದಲ ಎರಡು ವರ್ಷದ ಆದಾಯದ ಬಗ್ಗೆ ಕೇಳಿ. ಇಪ್ಪತ್ತು ವರ್ಷ ಹಳಬರ ಗಳಿಕೆ ನಿಮ್ಮ ಲೆಕ್ಕಕ್ಕೆ ಬರುವುದಿಲ್ಲ. ಅದೇ ಸಮಯದಲ್ಲಿ ಕಣ್ಣು ಮತ್ತು ಕೀಲು-ಮೂಳೆಯ ತಪಾಸಣೆ ಮುಗಿಯಲಿ.

ಮೂರನೇ ತಿಂಗಳಿಂದ ವಿಜ್ಞಾನದ ಒಂದೇ ವಿಷಯ, ರಸಾಯನಶಾಸ್ತ್ರವಾದರೆ ಒಳ್ಳೆಯದು, ಸಂಜೆ ತರಗತಿಯಲ್ಲಿ ಓದಿ ನಿಜವಾದ ಪರೀಕ್ಷೆ ಬರೆಯಿರಿ. ಆ ಆರು ತಿಂಗಳು ದಿನಕ್ಕೆ ಎರಡು ಗಂಟೆ ಓದು ಸಾಧ್ಯವಾಗದಿದ್ದರೆ ಐದು ವರ್ಷ ದಿನಕ್ಕೆ ಹತ್ತು ಗಂಟೆ ಸಾಧ್ಯವಾಗುವುದಿಲ್ಲ. ಜೊತೆಗೇ ಮನೆಯ ಖರ್ಚನ್ನು ವಿದ್ಯಾರ್ಥಿ ಬಜೆಟ್ಟಿಗೆ ಇಳಿಸಿ ನಡೆಸಿ ನೋಡಿ, ಉಳಿದದ್ದನ್ನು ಬೇರೆ ಖಾತೆಗೆ ಹಾಕಿ. ಬಜೆಟ್ ಮುರಿದುಬಿದ್ದರೆ ಕಳೆದುಕೊಂಡದ್ದೇನೂ ಇಲ್ಲ, ಕೆಲಸ ಇನ್ನೂ ಕೈಯಲ್ಲಿದೆ.

ಸೀಟು ಸಿಗುವ ಹಂತಕ್ಕೆ ಬಂದಾಗ ಕಾಲೇಜಿಗೆ ಕೇಳಬೇಕಾದ ಪ್ರಶ್ನೆಗಳು ಕೆಲವೇ: ದಿನಕ್ಕೆ ಎಷ್ಟು ರೋಗಿಗಳು ಬರುತ್ತಾರೆ, ಕೋಟಾದ ಪಟ್ಟಿ ಏನು, ನಿಗದಿತ ಅವಧಿಯಲ್ಲಿ ಎಷ್ಟು ಮಂದಿ ಮುಗಿಸುತ್ತಾರೆ, ಉಪಕರಣದ ಖರ್ಚು ಫೀಜಿನಲ್ಲಿ ಸೇರಿದೆಯೇ, ನಡುವೆ ಬಿಟ್ಟರೆ ಮರುಪಾವತಿಯ ನಿಯಮವೇನು. ರೋಗಿಗಳೇ ಬಾರದ ಕಾಲೇಜು ಎಷ್ಟು ಅಂದವಾಗಿದ್ದರೂ ಬಿಟ್ಟುಬಿಡಿ. ಸಾಧ್ಯವಿದ್ದರೆ ಹಳೆಯ ಕೆಲಸದಲ್ಲಿ ಸಂಬಳವಿಲ್ಲದ ರಜೆ ಪಡೆದು ಮೊದಲ ಅವಧಿ ಮುಗಿಸಿ, ಆಮೇಲೆ ರಾಜೀನಾಮೆ ಕೊಡಿ.

ಹೆಪಟೈಟಿಸ್ ಬಿ ಲಸಿಕೆಯನ್ನು ಕಾಲೇಜು ಕೇಳುವವರೆಗೆ ಕಾಯಬೇಡಿ. ಮೂರು ಡೋಸಿನ ಸಾಮಾನ್ಯ ಕ್ರಮದಲ್ಲಿ ಎರಡನೆಯದು ಒಂದು ತಿಂಗಳಿಗೆ, ಮೂರನೆಯದು ಆರು ತಿಂಗಳಿಗೆ. ಕೊನೆಯ ಡೋಸಿನ ಒಂದೆರಡು ತಿಂಗಳ ನಂತರ ರಕ್ತಪರೀಕ್ಷೆಯಲ್ಲಿ ಪ್ರತಿಕಾಯದ ಮಟ್ಟ ಮಿಲಿಲೀಟರಿಗೆ 10 ಮಿಲಿ ಅಂತರರಾಷ್ಟ್ರೀಯ ಯೂನಿಟ್ ಅಥವಾ ಹೆಚ್ಚು ಬರಬೇಕು. ನಲವತ್ತು ದಾಟಿದವರಲ್ಲಿ ಈ ಲಸಿಕೆಗೆ ದೇಹದ ಸ್ಪಂದನೆ ತಗ್ಗುತ್ತದೆ, ಕೆಲವರಿಗೆ ಇಡೀ ಸರಣಿಯನ್ನು ಮತ್ತೊಮ್ಮೆ ಹಾಕಿಸಬೇಕಾಗುತ್ತದೆ. ಹಾಗಾದಲ್ಲಿ ಮತ್ತೆ ಆರು ತಿಂಗಳು ಬೇಕಾದೀತು. ಆದ್ದರಿಂದ ಮೊದಲ ಡೋಸನ್ನು ಈ ಹದಿನೆಂಟು ತಿಂಗಳ ಆರಂಭದಲ್ಲೇ ಹಾಕಿಸಿಕೊಂಡು, ಚೀಟಿಯನ್ನು ಪ್ರವೇಶ ದಾಖಲೆಗಳ ಜೊತೆ ಇಟ್ಟುಕೊಳ್ಳಿ.